ಚಿತ್ರಗಾರ ವಿಲಿಯಂ ಹೋಗಾರ್ತನ ಚರಿತ್ರೆ

ಕುಮಟಾ ಹೊನ್ನಾವರ ಸೀಮೆಯ ಗುಡಿಗಾರರು ಗಂಧದ ಮರದ ತುಂಡಿನಲ್ಲಿ ಸಣ್ಣ ಉಳಿಯಿಂದ ಬಳ್ಳಿಗಳನ್ನೂ ಆನೆಗಳನ್ನೂ ಕೊರೆಯುವದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಭಟ್ಕಳಕ್ಕೆ ಹೋದವರು ಅಲ್ಲಿಯ ಖೇತಪೈ ನಾರಾಯಣ ದೇವಾಲಯದ ಕಲ್ಲುಗೋಡೆಯಲ್ಲಿ ರಾಮಾಯಣದ ಕಥೆಯು ಒಂದರ ಪಕ್ಕದಲ್ಲೊಂದಾಗಿ ಕೆತ್ತಲ್ಪಟ್ಟಿರುವದನ್ನೂ ನೋಡಿರಬಹುದು. ಅಕ್ಷರ ಬಾರದವನು ಸಹ ಆ ಸಾಲನ್ನು ನೋಡುತ್ತಾ ನಡೆದರೆ ಕಥೆಯು ಅವನಿಗೆ ತಿಳಿದುಹೋಗುವದು. ಇನ್ನು ಮಳೆಗಾಲ ಕಳೆದ ಮೇಲೆ ನಮ್ಮ ಗದ್ದೆಬಯಲುಗಳಲ್ಲಿ ನಡೆಯುವ ಯಕ್ಷಗಾನದ ಆಟದಲ್ಲಿ ಹಾಸ್ಯಗಾರನು ಪುರಾಣದ ಅರಸನ ಮುಂದೆ ನಿಂತು ಊರಿನ ಆಡುಮಾತಿನಿಂದ ಊರಿನವರ ತಪ್ಪುಗಳನ್ನೇ ಎತ್ತಿ ಆಡುತ್ತಾನೆ. ಜನರು ಮೊದಲು ನಗುತ್ತಾರೆ. ತಮ್ಮನ್ನು ಕುರಿತೇ ನಕ್ಕೆವೆಂಬದು ಮನೆಗೆ ಹೋಗುವ ದಾರಿಯಲ್ಲಿ ಅವರಿಗೆ ತಿಳಿಯುತ್ತದೆ.

ಗುಡಿಗಾರನ ಉಳಿ, ಗೋಡೆಯ ಕಥಾಸಾಲು, ಹಾಸ್ಯಗಾರನ ನಾಲಿಗೆ, ಈ ಮೂರನ್ನೂ ಒಂದೇ ಕೈಯಲ್ಲಿ ಹಿಡಿದ ಮನುಷ್ಯನೊಬ್ಬನು ಸುಮಾರು ಮುನ್ನೂರು ವರುಷಗಳ ಹಿಂದೆ ಲಂಡನ್ ಪಟ್ಟಣದಲ್ಲಿ ಇದ್ದನು. ಆತನ ಹೆಸರು ವಿಲಿಯಂ ಹೋಗಾರ್ತ್. ಪರಿಹಾಸ್ಯವೂ ಅಣಕದ ಚಿತ್ರಗಳೂ ಸಭೆಯವರಿಗೆ ತಕ್ಕವುಗಳೋ ಎಂದು ಕೆಲವರು ಆಗಾಗ್ಗೆ ಕೇಳುವದುಂಟು. ಈ ಮನುಷ್ಯನ ಜೀವಿತವನ್ನು ನೋಡಿದರೆ ಅದಕ್ಕೆ ಉತ್ತರವು ದೊರೆಯುವದೆಂದು ನೆನಸಿ ಅದನ್ನು ಇಲ್ಲಿ ಬರೆಯುತ್ತೇವೆ.

ಹೋಗಾರ್ತನು 1697ನೆಯ ಇಸವಿಯ ನವೆಂಬರ್ 10ರಲ್ಲಿ ಲಂಡನಿನ ದನದ ಸಂತೆಯ ಬಳಿಯ ಒಂದು ಕೇರಿಯಲ್ಲಿ ಹುಟ್ಟಿದನು. ಆತನ ತಂದೆಯಾದ ರಿಚರ್ಡನು ಇಂಗ್ಲೆಂಡಿನ ಉತ್ತರದ ಗುಡ್ಡಸೀಮೆಯಿಂದ ಬಂದ ಬಡ ಉಪಾಧ್ಯಾಯನು. ಲ್ಯಾಟಿನ್ ಭಾಷೆಯಲ್ಲಿ ಪಂಡಿತನು. ನಮ್ಮಲ್ಲಿ ಸಂಸ್ಕೃತವು ಹೇಗೋ ಆ ದೇಶದಲ್ಲಿ ಲ್ಯಾಟಿನ್ ಹಾಗೆ ವಿದ್ವಾಂಸರ ಭಾಷೆಯಾಗಿತ್ತು. ರಿಚರ್ಡನು ಬಹು ವರುಷ ಶ್ರಮಪಟ್ಟು ಒಂದು ಲ್ಯಾಟಿನ್ ನಿಘಂಟನ್ನು ಬರೆದನು. ಆದರೆ ಪುಸ್ತಕವ್ಯಾಪಾರಿಗಳು ಅದನ್ನು ಅಚ್ಚು ಹಾಕಿಸಲಿಲ್ಲ. ಆ ಮೇಲೆ ಆತನು ಒಂದು ಕಾಫಿ ಅಂಗಡಿಯನ್ನು ತೆರೆದು, ಬರುವ ಗಿರಾಕಿಗಳು ಲ್ಯಾಟಿನಿನಲ್ಲಿಯೇ ಮಾತಾಡಬಹುದೆಂದು ಪ್ರಕಟಿಸಿದನು. ಲ್ಯಾಟಿನ್ ಬಲ್ಲವರು ಎಷ್ಟು ಮಂದಿ, ಅವರಲ್ಲಿ ಕಾಫಿಗೆ ಹಣ ಕೊಡತಕ್ಕವರು ಎಷ್ಟು ಮಂದಿ! ಅಂಗಡಿಯು ಮುಳುಗಿತು. ಸಾಲಗಾರರು ಆತನನ್ನು ಹಿಡಿಸಿದರು. ಸುಮಾರು ನಾಲ್ಕು ವರುಷ ಆತನು ಫ್ಲೀಟ್ ಎಂಬ ಸಾಲದ ಸೆರೆಮನೆಯ ಬಂಧನದಲ್ಲಿದ್ದನು. ಬಾಲಕನಾದ ವಿಲಿಯಮನು ಇದನ್ನೆಲ್ಲಾ ಕಣ್ಣಾರೆ ಕಂಡನು. ವಿದ್ಯೆಯು ಅನ್ನವಾಗದೆ ಹೋದದ್ದನ್ನೂ ಬೇರೊಬ್ಬರ ಶ್ರಮದ ಮೇಲೆ ವ್ಯಾಪಾರಿಗಳು ಯಜಮಾನರಾಗುವದನ್ನೂ ಆತನು ಸಾಯುವ ವರೆಗೆ ಮರೆಯಲಿಲ್ಲ.

ಆದಕಾರಣ ಆತನು ಪಂಡಿತನಾಗದೆ ಕಸಬು ಕಲಿಯಲು ಹೋದನು. ಹದಿನಾರು ವರುಷದವನಾಗಿದ್ದಾಗ ಎಲ್ಲಿಸ್ ಗ್ಯಾಂಬಲ್ ಎಂಬ ಬೆಳ್ಳಿಗೆಲಸದವನ ಕೈಕೆಳಗೆ ಸೇರಿ, ಶ್ರೀಮಂತರ ತಟ್ಟೆ ಬಟ್ಟಲುಗಳ ಮೇಲೆ ಅವರ ಮನೆತನದ ಗುರುತುಗಳನ್ನು ಕೊರೆಯುತ್ತಿದ್ದನು. ಈ ಕೆಲಸದಲ್ಲಿ ಬೇಸರ ಹುಟ್ಟಿದ್ದರಿಂದ 1720ರಲ್ಲಿ ಸ್ವಂತವಾಗಿ ಅಂಗಡಿಯನ್ನಿಟ್ಟು, ತಾಮ್ರದ ತಗಡಿನಿಂದ ಚಿತ್ರಗಳನ್ನು ಅಚ್ಚು ಹಾಕುವ ಉದ್ಯೋಗಕ್ಕೆ ತಿರುಗಿದನು.

ಆ ಕೆಲಸದ ಕ್ರಮವನ್ನು ವಾಚಕರು ತಿಳಿಯುವದು ಒಳ್ಳೇದು. ನಯವಾದ ತಾಮ್ರದ ತಗಡಿನ ಮೇಲೆ ಮೊನೆಯುಳಿಯಿಂದ ಗೆರೆಗಳನ್ನು ಕೊರೆಯುತ್ತಾರೆ. ತಗಡಿಗೆಲ್ಲಾ ಮಸಿಯನ್ನು ಬಳಿದು ಮೇಲ್ಭಾಗವನ್ನು ಒರಸಿಬಿಟ್ಟರೆ ಕೊರೆದ ಗೆರೆಗಳೊಳಗೆ ಮಾತ್ರ ಮಸಿಯು ನಿಲ್ಲುತ್ತದೆ. ಆ ಮೇಲೆ ಒದ್ದೆಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿ ತೆಗೆದರೆ ಚಿತ್ರವು ಕಾಗದಕ್ಕೆ ಇಳಿಯುತ್ತದೆ. ಹೀಗೆ ಒಂದು ತಗಡಿನಿಂದ ಸಾವಿರಾರು ಪ್ರತಿಗಳನ್ನು ತೆಗೆಯಬಹುದು. ಆದರೆ ಕಾಗದದ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುವದರಿಂದ ಚಿತ್ರದ ಕೆಳಗಿನ ಮಾತುಗಳ ಅಕ್ಷರಗಳನ್ನು ತಗಡಿನಲ್ಲಿ ಉಲ್ಟಾ ಕೊರೆಯಬೇಕು. ಅರಮನೆಯ ಗೋಡೆಯಲ್ಲಿ ತೂಗುವ ಬಣ್ಣದ ಚಿತ್ರವು ಒಬ್ಬನ ಸೊತ್ತು. ತಗಡಿನ ಅಚ್ಚಾದರೋ ಅಂಗಡಿಯ ಕಿಟಕಿಯಲ್ಲಿ ತೂಗಿ, ಬೀದಿಯಲ್ಲಿ ಹೋಗುವ ಆಳಿನ ಕಣ್ಣಿಗೂ ಬೀಳುತ್ತದೆ.

1729ರಲ್ಲಿ ಹೋಗಾರ್ತನು ಸರ್ ಜೇಮ್ಸ್ ಥಾರ್ನ್‌ಹಿಲ್ ಎಂಬ ರಾಜಚಿತ್ರಗಾರನ ಮಗಳಾದ ಜೇನಳನ್ನು ತಂದೆಯ ಒಪ್ಪಿಗೆಯಿಲ್ಲದೆ ಮದುವೆಯಾದನು. ಮಾವನು ಲಂಡನಿನ ಸೇಂಟ್ ಪಾಲ್ ಮಹಾದೇವಾಲಯದ ಗುಮ್ಮಟದೊಳಗೆ ಪೌಲನ ಚರಿತ್ರೆಯನ್ನು ಚಿತ್ರಿಸಿದವನು. ಮಾವನ ಹಾಗೆ ತಾನೂ ದೊಡ್ಡ ಚಿತ್ರಗಳಲ್ಲಿ ಮಹಾಕಥೆಗಳನ್ನು ಬರೆಯಬೇಕೆಂಬ ಆಶೆಯು ಹೋಗಾರ್ತನಿಗಿತ್ತು. ಆದರೆ ಆತನು ಮಹಾಪುರುಷರನ್ನು ಬಿಟ್ಟು ಬೀದಿಯ ಜನರ ಕಥೆಯನ್ನೇ ಮಹಾಕಥೆಯ ರೀತಿಯಲ್ಲಿ ಹೇಳುವ ಹೊಸ ದಾರಿಯನ್ನು ಕಂಡುಕೊಂಡನು.

1732ರಲ್ಲಿ ಆತನು ಆರು ಚಿತ್ರಗಳ ಒಂದು ಸಾಲನ್ನು ಹೊರಡಿಸಿದನು. ಹಳ್ಳಿಯಿಂದ ಬಂಡಿಯಲ್ಲಿ ಕೆಲಸ ಹುಡುಕುತ್ತಾ ಪಟ್ಟಣಕ್ಕೆ ಬಂದಿಳಿದ ಒಬ್ಬ ಹುಡುಗಿಯು ಹೇಗೆ ಮೋಸಹೋದಳು, ಹೇಗೆ ಕೆಟ್ಟಳು, ಸೆರೆಮನೆಯಲ್ಲಿ ನಾರು ಬಡಿದು ಹೇಗೆ ರೋಗದಿಂದ 23ನೆಯ ವಯಸ್ಸಿನಲ್ಲಿ ಸತ್ತಳು ಎಂಬದೇ ಕಥೆ. ಮೊದಲನೆಯ ಚಿತ್ರದಲ್ಲಿ ಆಕೆಯು ಬಂಡಿಯಿಂದ ಇಳಿದು ನಿಂತಿದ್ದಾಳೆ. ಒಬ್ಬ ಮುದುಕಿಯು ಬೆಣ್ಣೆಯಂಥ ಮಾತಾಡುತ್ತಾ ಆಕೆಯ ಗಲ್ಲವನ್ನು ಮುಟ್ಟುತ್ತಾಳೆ; ಇವಳು ಹುಡುಗಿಯರನ್ನು ಪಾಪಕ್ಕೆ ಮಾರುವವಳು. ಹತ್ತಿರದಲ್ಲೇ ಕುದುರೆಯ ಮೇಲೆ ಒಬ್ಬ ಪಾದ್ರಿಯು ಕೂತಿದ್ದಾನೆ. ಆದರೆ ಆತನು ಬಿಷಪನಿಗೆ ಕೊಡತಕ್ಕ ಒಂದು ಕಾಗದವನ್ನು ಓದುವದರಲ್ಲಿ ಮಗ್ನನಾಗಿ ಆಕೆಗೆ ಬೆನ್ನು ಹಾಕಿದ್ದಾನೆ.

ಗ್ರೀಕರ ಪುರಾಣದಲ್ಲಿ ಹೆರ್ಕುಲೆಸ್ ಎಂಬ ಯುವವೀರನ ಒಂದು ಕಥೆಯುಂಟು. ಎರಡು ದಾರಿಗಳು ಕೂಡುವ ಸ್ಥಳದಲ್ಲಿ ಸದ್ಗುಣ, ಭೋಗ ಎಂಬ ಇಬ್ಬರು ಸ್ತ್ರೀಯರು ಆತನ ಎರಡು ಪಕ್ಕಗಳಲ್ಲಿ ನಿಂತು ಆತನನ್ನು ತಮ್ಮ ತಮ್ಮ ಕಡೆಗೆ ಕರೆದರಂತೆ. ಆ ಕಾಲದ ಓದುಬಲ್ಲವರೆಲ್ಲರಿಗೂ ಆ ಚಿತ್ರವು ಗೊತ್ತಿತ್ತು. ಹೋಗಾರ್ತನು ವೀರನಿದ್ದ ಸ್ಥಳದಲ್ಲಿ ಬಡ ಹುಡುಗಿಯನ್ನು ನಿಲ್ಲಿಸಿದನು. ಭೋಗವು ತನ್ನ ಸ್ಥಳದಲ್ಲಿ ಇದ್ದೇ ಇದೆ. ಸದ್ಗುಣವು ಕರೆಯಬೇಕಾದ ಸ್ಥಳದಲ್ಲಿ ಮಾತ್ರ ಪಾದ್ರಿಯ ಬೆನ್ನು ಕಾಣುತ್ತದೆ. ಹಳೆಯ ಪುರಾಣವನ್ನು ಬಲ್ಲವರಿಗೆ ಆ ಬೆನ್ನು ಇನ್ನೂ ಹೆಚ್ಚಾಗಿ ಚುಚ್ಚಿತು. ಬಲ್ಲದವರಿಗೂ ಅರ್ಥವು ತಪ್ಪಲಿಲ್ಲ. ತಂದೆಯನ್ನು ಸೆರೆಗೆ ದೂಡಿದ ಪಂಡಿತವಿದ್ಯೆಯನ್ನು ಮಗನು ಹೀಗೆ ಬೀದಿಯವರ ಸೇವೆಗೆ ತಂದನು. ಸಭೆಯ ಸೇವಕರಾದ ನಾವು ಈ ಚಿತ್ರದ ಮುಂದೆ ಸುಮ್ಮನೆ ನಿಂತು ನೋಡತಕ್ಕದ್ದು. ಯಾಕಂದರೆ ನಮ್ಮ ಕರಾವಳಿಯಿಂದಲೂ ಅನೇಕ ಹುಡುಗರೂ ಹುಡುಗಿಯರೂ ಮುಂಬಯಿಗೂ ಬೆಂಗಳೂರಿಗೂ ಕೆಲಸಕ್ಕಾಗಿ ಹೋಗುತ್ತಾರೆ. ಅವರು ಇಳಿಯುವ ಸ್ಥಳದಲ್ಲಿ ಯಾರ ಮುಖವು ಅವರ ಕಡೆಗೆ ತಿರುಗಿರುವದು, ಯಾರ ಬೆನ್ನು?

ಒಂದು ಗಿನಿ, ಅಂದರೆ 21 ಶಿಲ್ಲಿಂಗು, ಚಂದಾ ಕೊಟ್ಟು ಈ ಸಾಲನ್ನು ಕೊಂಡವರು 1,200ಕ್ಕಿಂತಲೂ ಹೆಚ್ಚು ಮಂದಿ. ಆದರೆ ಕೂಡಲೇ ಅಂಗಡಿಕಾರರು ಆತನ ಚಿತ್ರಗಳನ್ನು ನಕಲು ಮಾಡಿಸಿ ಅಗ್ಗವಾಗಿ ಮಾರತೊಡಗಿದರು. ತಂದೆಗಾದ ಅನ್ಯಾಯವು ಮಗನನ್ನೂ ಹಿಡಿಯಲು ಬಂತು. ಹೋಗಾರ್ತನು ಸುಮ್ಮನಿರದೆ ಬೇರೆ ಚಿತ್ರಗಾರರನ್ನು ಕೂಡಿಸಿ ಪಾರ್ಲಿಮೆಂಟಿಗೆ ಮನವಿ ಮಾಡಿದನು. 1735ರಲ್ಲಿ ಕಾಯಿದೆಯಾಯಿತು: ಚಿತ್ರದ ತಗಡನ್ನು ಮಾಡಿದವನಿಗೆ 14 ವರುಷಗಳ ವರೆಗೆ ಅದರ ಹಕ್ಕು ಸೇರತಕ್ಕದ್ದು. ಎರಡನೆಯ ಸಾಲಿನ ಎಂಟು ಚಿತ್ರಗಳು ಸಿದ್ಧವಾಗಿದ್ದರೂ ಕಾಯಿದೆಯು ಜಾರಿಗೆ ಬರುವ ದಿವಸದ ವರೆಗೆ ಆತನು ಅವುಗಳನ್ನು ತಡೆದಿಟ್ಟನು. ತಂದೆಯ ಹಣವನ್ನು ಹಾಳುಮಾಡಿ ಹುಚ್ಚರ ಆಸ್ಪತ್ರೆಯಲ್ಲಿ ಕೊನೆಗಾಣುವ ಯುವಕನ ಕಥೆಯು ಅದರಲ್ಲಿದೆ. ಆ ಯುವಕನು ಕುಡಿದು ಬಿದ್ದಿರುವ ಮನೆಯ ಗೋಡೆಯಲ್ಲಿ ರೋಮಿನ ಚಕ್ರವರ್ತಿಗಳ ಚಿತ್ರಗಳು ತೂಗುತ್ತವೆ. ಕುಡುಕರು ಅವುಗಳ ಮುಖಗಳನ್ನು ಕತ್ತರಿಸಿಬಿಟ್ಟಿದ್ದಾರೆ. ಸಭೆಯನ್ನು ಹಿಂಸಿಸಿದ ನೀರೋನ ಮುಖವನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡಿದ್ದಾರೆ.

ಹೋಗಾರ್ತನು ಬರೀ ಗೇಲಿ ಮಾಡುವವನಾಗಿರಲಿಲ್ಲ. ಲಂಡನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ಮೆಟ್ಟಲಗೋಡೆಗಾಗಿ ಬೆಥೆಸ್ದ ಕೊಳದ ಕಥೆಯನ್ನೂ ಒಳ್ಳೇ ಸಮಾರ್ಯದವನ ಕಥೆಯನ್ನೂ 1736, 1737ರಲ್ಲಿ ಹಣ ತೆಗೆದುಕೊಳ್ಳದೆ ಚಿತ್ರಿಸಿಕೊಟ್ಟನು. ಬೀದಿಯಲ್ಲಿ ಬಿಡಲ್ಪಟ್ಟ ಕೂಸುಗಳನ್ನು ಕಂಡು ಮರುಗಿದ ಥಾಮಸ್ ಕೋರಮ್ ಎಂಬ ವೃದ್ಧ ನಾವಿಕನು 1739ರಲ್ಲಿ ಅನಾಥಶಿಶುಗಳ ಆಶ್ರಮಕ್ಕೆ ಅರಸನಿಂದ ಸನದನ್ನು ಪಡೆದಾಗ ಹೋಗಾರ್ತನು ಅದರ ಆಡಳಿತಗಾರರಲ್ಲಿ ಒಬ್ಬನಾದನು. ಫರೋಹನ ಮಗಳ ಮುಂದೆ ತರಲ್ಪಟ್ಟ ಬಾಲಕ ಮೋಶೆಯ ಚಿತ್ರವನ್ನು ಆ ಮನೆಗೆ ಕೊಟ್ಟನು. ಆತನಿಗೂ ಜೇನಳಿಗೂ ಮಕ್ಕಳಿರಲಿಲ್ಲ. ಆಶ್ರಮದ ಕೆಲವು ಮಕ್ಕಳನ್ನು ಅವರು ತಮ್ಮ ಮನೆಯಲ್ಲಿಟ್ಟು ಸಾಕಿದರು.

1747ರಲ್ಲಿ ಹೊರಟ ಹನ್ನೆರಡು ಚಿತ್ರಗಳ ಸಾಲು ನಮ್ಮ ವಾಚಕರಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಕಸಬು ಕಲಿಯುವ ಹುಡುಗರು ಕೊಳ್ಳುವಂತೆ ಅದನ್ನು ಹೆಚ್ಚು ನಯಗೆಲಸವಿಲ್ಲದೆ ಅಗ್ಗವಾಗಿ ಮಾಡಿಸಿದನು. ರೇಷ್ಮೆ ನೇಯುವ ಮನೆಯಲ್ಲಿ ಎರಡು ಮಗ್ಗಗಳು. ಒಂದರಲ್ಲಿ ಫ್ರಾನ್ಸಿಸ್ ಗುಡ್‌ಚೈಲ್ಡ್ ಎಂಬ ಹುಡುಗನು ನೇಯುತ್ತಾನೆ. ಇನ್ನೊಂದಕ್ಕೆ ಒರಗಿ ಟಾಮ್ ಐಡ್ಲ್ ಎಂಬವನು ನಿದ್ದೆಮಾಡುತ್ತಾನೆ. ಆತನ ಲಾಳಿಯೊಡನೆ ಬೆಕ್ಕು ಆಡುತ್ತದೆ. ಒಬ್ಬನು ದೇವಾಲಯದಲ್ಲಿ ಹಾಡುತ್ತಿರುವಾಗ ಮತ್ತೊಬ್ಬನು ಹೊರಗೆ ಸಮಾಧಿಯ ಕಲ್ಲಿನ ಮೇಲೆ ಜೂಜಾಡುತ್ತಾನೆ. ಪ್ರತಿಯೊಂದು ಚಿತ್ರದ ಕೆಳಗೆ ಸತ್ಯವೇದದ ಒಂದು ವಾಕ್ಯವು, ಹೆಚ್ಚಾಗಿ ಸೊಲೊಮೋನನ ಜ್ಞಾನೋಕ್ತಿಗಳಿಂದ ತೆಗೆದದ್ದು, ಕೊರೆಯಲ್ಪಟ್ಟಿದೆ. ಆ ವಾಕ್ಯಗಳನ್ನು ಆತನ ಸ್ನೇಹಿತನಾದ ಒಬ್ಬ ಪಾದ್ರಿಯು ಆರಿಸಿಕೊಟ್ಟನು. ಕೊನೆಗೆ ಟಾಮನು ಗಲ್ಲಿಗೆ ಹೋಗುತ್ತಾನೆ. ಫ್ರಾನ್ಸಿಸನು ಲಂಡನಿನ ಮೇಯರ್ ಆಗಿ ಮೆರವಣಿಗೆಯಲ್ಲಿ ಹೋಗುತ್ತಾನೆ.

ಇಷ್ಟನ್ನೇ ಕಂಡರೆ ಇದು ಮಕ್ಕಳ ನೀತಿಪಾಠದ ಹಾಗಿದೆ. ಆದರೆ ಹತ್ತನೆಯ ಚಿತ್ರವನ್ನು ಗಮನಿಸಿರಿ. ಫ್ರಾನ್ಸಿಸನು ನ್ಯಾಯಾಧಿಪತಿಯಾಗಿ ಕೂತಿರುವಾಗ ಹಳೆಯ ಜೊತೆಗಾರನನ್ನು ಕೈಕಟ್ಟಿ ಆತನ ಮುಂದೆ ತರುತ್ತಾರೆ. ಫ್ರಾನ್ಸಿಸನು ದುಃಖದಿಂದ ಮುಖ ತಿರುಗಿಸಿ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆತನು ಕಣ್ಣು ಮುಚ್ಚಿಕೊಂಡಿರುವ ಆ ಗಳಿಗೆಯಲ್ಲಿಯೇ ಅದೇ ಕೋಣೆಯಲ್ಲಿ ಪ್ರಮಾಣ ಮಾಡಿಸುವ ಗುಮಾಸ್ತನ ಕೈಗೆ ಲಂಚವು ಸೇರುತ್ತದೆ. ಒಳ್ಳೆಯವನು ದುಃಖಪಟ್ಟರೆ ಸಾಲದು, ಕಣ್ಣು ತೆರೆದೂ ಇರಬೇಕೆಂದು ಚಿತ್ರವು ಒಂದು ಮಾತೂ ಇಲ್ಲದೆ ಹೇಳುತ್ತದೆ.

1751ರಲ್ಲಿ ಆತನು ಸಾರಾಯಿಯ ಮೇಲೆ ಕೈಯೆತ್ತಿದನು. ಜಿನ್ ಎಂಬ ಧಾನ್ಯದ ಸಾರಾಯಿಯು ಆಗ ಲಂಡನಿನ ಬಡವರ ಕೇರಿಗಳಲ್ಲಿ ಬಹು ಅಗ್ಗವಾಗಿ ದೊರೆಯುತ್ತಿತ್ತು. ಅದನ್ನು ತಡೆಯಲು 1736ರಲ್ಲಿ ಮಾಡಿದ ಕಾಯಿದೆಯು ಜನರ ಗಲಭೆಯಿಂದಲೂ ಕಳ್ಳಮಾರಾಟದಿಂದಲೂ ನಿಷ್ಫಲವಾಗಿ 1743ರಲ್ಲಿ ರದ್ದಾಗಿತ್ತು. ಹೋಗಾರ್ತನು ಜಿನ್ನಿನ ಓಣಿಯ ಚಿತ್ರವನ್ನು ಒಂದು ಶಿಲ್ಲಿಂಗಿಗೆ ಮಾರಿದನು. ಮೆಟ್ಟಲಿನ ಮೇಲೆ ಕೂತ ತಾಯಿಯು ಅಮಲಿನಲ್ಲಿ ನಶ್ಯದ ಚಿಟಿಕೆಯನ್ನು ತೆಗೆಯುತ್ತಿರಲಾಗಿ ಆಕೆಯ ಕೂಸು ತೋಳಿನಿಂದ ಜಾರಿ ತಲೆಕೆಳಗಾಗಿ ಬೀಳುತ್ತಿದೆ. ಆಕೆಗೆ ಅದು ತಿಳಿಯದು. ಬಡಗಿಯು ತನ್ನ ಗರಗಸವನ್ನೂ ಹೆಂಗಸು ಅಡಿಗೆಯ ಪಾತ್ರೆಗಳನ್ನೂ ಅಡವಿನ ಅಂಗಡಿಯವನಿಗೆ ಒಪ್ಪಿಸುತ್ತಿದ್ದಾರೆ. ಮನೆಗಳು ಕುಸಿಯುತ್ತವೆ; ಅಡವಿನ ಅಂಗಡಿ ಮಾತ್ರ ಗಟ್ಟಿಯಾಗಿ ನಿಂತಿದೆ. ದೇವಾಲಯದ ಗೋಪುರವು ಬಹು ದೂರದಲ್ಲಿ, ಮನೆಗಳ ಹಿಂದೆ ಕಾಣುತ್ತದೆ. ಆತನ ಸ್ನೇಹಿತನೂ ನ್ಯಾಯಾಧಿಪತಿಯೂ ಆದ ಹೆನ್ರಿ ಫೀಲ್ಡಿಂಗನು ಇದೇ ವಿಷಯವಾಗಿ ಪುಸ್ತಕ ಬರೆದಿದ್ದನು. ಅದೇ ವರುಷ ಪಾರ್ಲಿಮೆಂಟು ಜಿನ್ ಮಾರಾಟವನ್ನು ಬಿಗಿಮಾಡುವ ಹೊಸ ಕಾಯಿದೆಯನ್ನು ಮಾಡಿತು. ಇದರ ಜೊತೆಯ ಚಿತ್ರದಲ್ಲಿ ಹೋಗಾರ್ತನು ಬೀರನ್ನು ಹೊಗಳಿದ್ದಾನೆ. ಇದನ್ನು ನಾವು ಒಪ್ಪುವದಿಲ್ಲ. ನಮ್ಮ ರಾಜ್ಯದಲ್ಲಿ ಸಾರಾಯಿಯ ಮಾರಾಟವು 2007ರಲ್ಲಿ ನಿಷೇಧಿಸಲ್ಪಟ್ಟಿತು; ಆದರೆ ಬೇರೆ ಹೆಸರಿನ ಸೀಸೆಗಳು ಬಂದವು, ಕುಡಿತವು ನಿಲ್ಲಲಿಲ್ಲ. ಆ ಮೆಟ್ಟಲಿನ ತಾಯಿಯನ್ನು ನೋಡಲು ನಾವು ಲಂಡನಿಗೆ ಹೋಗಬೇಕಾಗಿಲ್ಲ.

ಅದೇ ವರುಷ ಕ್ರೂರತ್ವದ ನಾಲ್ಕು ಮೆಟ್ಟಲುಗಳೆಂಬ ಚಿತ್ರಗಳನ್ನು ಹೊರಡಿಸಿ, ಇನ್ನೂ ಬಡವರಿಗೆ ಮುಟ್ಟಲೆಂದು ಕೊನೆಯ ಎರಡನ್ನು ನಮ್ಮ ಗುಡಿಗಾರರಂತೆ ಮರದಲ್ಲಿ ಕೊರೆಯಿಸಿ ನೋಡಿದನು. ಖರ್ಚು ಹೆಚ್ಚಿದ್ದರಿಂದ ಆ ಯತ್ನವು ನಿಂತಿತು. ಇದರ ನಾಯಕನಿಗೆ ಟಾಮ್ ನೀರೋ ಎಂದು ಹೆಸರಿಟ್ಟನು. ರೋಮಿನ ಚಕ್ರವರ್ತಿಯು ಧರ್ಮಛತ್ರದ ಹರಕು ಅಂಗಿಯಲ್ಲಿ ಮತ್ತೆ ಹುಟ್ಟಿಬಂದನು. ಬಾಲ್ಯದಲ್ಲಿ ನಾಯಿಯನ್ನು ಹಿಂಸಿಸಿದವನು ಪ್ರಾಯದಲ್ಲಿ ಕುದುರೆಯನ್ನು ಬಡಿಯುತ್ತಾನೆ. ಆ ಮೇಲೆ ತನ್ನನ್ನು ನಂಬಿದ ಹುಡುಗಿಯನ್ನು ಕೊಲ್ಲುತ್ತಾನೆ. ಕೊನೆಗೆ ಗಲ್ಲಿಗೇರಿದ ಆತನ ಹೆಣವನ್ನು ವೈದ್ಯರು ಕೊಯ್ಯುತ್ತಾರೆ. ಮೊದಲನೆಯ ಚಿತ್ರದಲ್ಲಿ ನಾಯಿಯನ್ನು ಬಿಡಿಸುವದಕ್ಕಾಗಿ ತನ್ನ ಕೈಯ ತಿಂಡಿಯನ್ನು ಕೊಡಲು ಬರುವ ಒಬ್ಬ ಹುಡುಗನಿದ್ದಾನೆ. ಆ ಗುಂಪಿನಲ್ಲಿ ಅವನೊಬ್ಬನು ಸಾಕು, ಮನುಷ್ಯನು ಹುಟ್ಟಿನಿಂದಲೇ ಹೀಗೆಂದು ಹೇಳಿ ತಪ್ಪಿಸಿಕೊಳ್ಳಲು ಯಾರಿಗೂ ಆಸ್ಪದವಿಲ್ಲ.

ಆತನು ನಮ್ಮವರನ್ನೂ ಬಿಡಲಿಲ್ಲವೆಂಬದನ್ನು ಮರೆಮಾಡುವದು ನ್ಯಾಯವಲ್ಲ. 1736ರ ಒಂದು ಚಿತ್ರದಲ್ಲಿ ಪ್ರಸಂಗಿಯು ವಿಶ್ರಾಂತಿಯ ವಾಗ್ದಾನದ ಮೇಲೆ ಪ್ರಸಂಗ ಓದುತ್ತಿದ್ದಾನೆ. ಸಭೆಯೆಲ್ಲವೂ ಆಗಲೇ ಗೊರಕೆ ಹೊಡೆಯುತ್ತಾ ವಿಶ್ರಾಂತಿಯನ್ನು ಹೊಂದಿದೆ. 1762ರ ಇನ್ನೊಂದರಲ್ಲಿ ಒಬ್ಬ ಪ್ರಸಂಗಿಯು ಮಾಟಗಾತಿಯ ಗೊಂಬೆಯನ್ನು ಒಂದು ಕೈಯಲ್ಲಿಯೂ ಸೈತಾನನ ಗೊಂಬೆಯನ್ನು ಇನ್ನೊಂದರಲ್ಲಿಯೂ ಹಿಡಿದು ಜನರನ್ನು ಬೆದರಿಸುತ್ತಾನೆ. ಸಭೆಯ ಹುಚ್ಚುಕಾವನ್ನು ಅಳೆಯುವ ಒಂದು ಉಷ್ಣಮಾಪಕವೂ ಅಲ್ಲಿದೆ, ಅದರ ಅಡಿಯಲ್ಲಿ ವೆಸ್ಲಿಯ ಪ್ರಸಂಗಗಳ ಪುಸ್ತಕವಿದೆ. ವೆಸ್ಲಿಯು ಗಣಿಯ ಆಳುಗಳ ಬಳಿಗೂ ಬಡವರ ಬಳಿಗೂ ಹೋದ ಭಕ್ತನು. ಆತನನ್ನು ಮಾಟದ ಭಯದೊಂದಿಗೆ ಸೇರಿಸಿದ್ದು ಅನ್ಯಾಯವೆಂದು ಹೇಳುತ್ತೇವೆ. ಆದರೂ ಭಯಪಡಿಸಿ ಮನಸ್ಸನ್ನು ಗೆಲ್ಲಬಹುದೆಂದು ನೆನಸುವ ಯಾವ ಪ್ರಸಂಗಿಗೂ ಆ ಗೊಂಬೆಗಳನ್ನು ನೋಡುವದರಿಂದ ನಷ್ಟವಿಲ್ಲ.

ಹೋಗಾರ್ತನ ಕೊನೆಯ ವರುಷಗಳನ್ನು ಬರೆಯುವಾಗ ನಮಗೆ ದುಃಖವಾಗುತ್ತದೆ. 1757ರಲ್ಲಿ ಆತನು ಅರಸನ ಚಿತ್ರಗಾರನಾಗಿ ನೇಮಿಸಲ್ಪಟ್ಟನು. 1762ರಲ್ಲಿ ಮಂತ್ರಿಮಂಡಲದ ಪಕ್ಷವಾಗಿ ಒಂದು ರಾಜಕೀಯ ಚಿತ್ರವನ್ನು ಹೊರಡಿಸಿದನು. ಆಗ ಹಳೆಯ ಸ್ನೇಹಿತನಾದ ಜಾನ್ ವಿಲ್ಕ್ಸನು ತನ್ನ ಪತ್ರಿಕೆಯಲ್ಲಿ ಆತನನ್ನು ಹೀನವಾಗಿ ಬೈದನು. ಮರುವರುಷ ವಿಲ್ಕ್ಸನ ವಿಚಾರಣೆಯ ಸಮಯದಲ್ಲಿ ಹೋಗಾರ್ತನು ನ್ಯಾಯಸ್ಥಾನಕ್ಕೆ ಹೋಗಿ, ಆತನ ಮೆಳ್ಳೆಗಣ್ಣನ್ನು ಎತ್ತಿತೋರಿಸುವಂತೆ ಚಿತ್ರ ಬರೆದನು. ಕೆಲವು ವಾರಗಳಲ್ಲಿ ಸುಮಾರು 4,000 ಪ್ರತಿಗಳು ಮಾರಿದವು. ವಿಲ್ಕ್ಸನ ಮಿತ್ರನೂ ಹಿಂದೆ ಪಾದ್ರಿಯಾಗಿದ್ದವನೂ ಆದ ಚರ್ಚಿಲ್ ಎಂಬ ಕವಿಯು ಹೋಗಾರ್ತನ ಮುಪ್ಪನ್ನೇ ಹಾಸ್ಯಮಾಡಿ ಕಾವ್ಯ ಬರೆದನು.

ಇದಕ್ಕೆ ಉತ್ತರ ಕೊಡಲು ಹೋಗಾರ್ತನು ಮಾಡಿದ್ದೇನು? ಆತನ ಬಳಿಯಲ್ಲಿ 1749ರ ಒಂದು ತಗಡಿತ್ತು. ಅದರಲ್ಲಿ ತನ್ನ ಸ್ವಂತ ಮುಖವನ್ನೂ ತನ್ನ ನಾಯಿಯನ್ನೂ ಕೊರೆದು, ಹೆಸರನ್ನು ತಂದೆಯ ಪ್ರಿಯ ಭಾಷೆಯಾದ ಲ್ಯಾಟಿನಿನಲ್ಲಿ ಬರೆದಿದ್ದನು. ಅವಸರದಿಂದಲೂ ಕೋಪದಿಂದಲೂ ಆತನು ಆ ತಗಡನ್ನು ತೆಗೆದು, ತನ್ನ ಮುಖವನ್ನು ಉಜ್ಜಿ ಅಳಿಸಿ, ಅದೇ ಸ್ಥಳದಲ್ಲಿ ವೈರಿಯನ್ನು ಕರಡಿಯ ರೂಪದಲ್ಲಿ ಕೊರೆದನು. ವಾಚಕರೇ, ಆತನ ಜೀವಿತದಲ್ಲಿ ಇದಕ್ಕಿಂತ ದೊಡ್ಡ ಪಾಠವು ನಮಗೆ ಕಾಣುವದಿಲ್ಲ. ಜಿನ್ನಿನ ಓಣಿಯಲ್ಲಿ ಆತನು ಪಾಪವನ್ನು ಹೊಡೆದನು. ಕುಡುಕಿಯಾದ ತಾಯಿಯನ್ನು ನೋಡಿ ನಾವು ನಡುಗುತ್ತೇವೆ, ಆಕೆಯನ್ನು ದ್ವೇಷಿಸುವದಿಲ್ಲ. ಇಲ್ಲಿಯಾದರೋ ಆತನು ಮನುಷ್ಯನನ್ನು ಹೊಡೆದನು. ವೈರಿಯ ಅಂದಗೇಡನ್ನು ಬರೆಯುವದಕ್ಕಾಗಿ ತನ್ನ ಮುಖವನ್ನೇ ಕಳೆದುಕೊಂಡನು. ಸಭೆಯಲ್ಲಿ ಒಬ್ಬರನ್ನೊಬ್ಬರು ಅಣಕಿಸುವವರ ಗತಿಯೂ ಇದೇ ಅಲ್ಲವೇ?

ಆತನ ಕೊನೆಯ ತಗಡು 1764ರದು. ಅದರಲ್ಲಿ ರೆಕ್ಕೆಯ ಮುದುಕನಾದ ಕಾಲಪುರುಷನೇ ಮುರಿದ ಕುಡುಗೋಲಿನೊಂದಿಗೆ ಒರಗಿ ಪ್ರಾಣ ಬಿಡುತ್ತಿದ್ದಾನೆ. ಸುತ್ತಲೂ ಇರುವದೆಲ್ಲವೂ ಒಡೆದದ್ದು, ಮುಗಿದದ್ದು. ಅದೇ ವರುಷದ ಅಕ್ಟೋಬರ್ 25ರ ರಾತ್ರಿ ಹೋಗಾರ್ತನು ತೀರಿಹೋದನು. ಚಿಸಿಕ್ ಎಂಬ ಸ್ಥಳದ ದೇವಾಲಯದ ಅಂಗಳದಲ್ಲಿ ಆತನ ಸಮಾಧಿಯಿದೆ. ವಿಧವೆಯಾದ ಜೇನಳು ತಗಡುಗಳನ್ನು ಕಾಪಾಡಿಕೊಂಡು ಚಿತ್ರಗಳನ್ನು ಮಾರಿ ಜೀವಿಸಿದಳು. 1767ರಲ್ಲಿ ಪಾರ್ಲಿಮೆಂಟು ಆಕೆಗೆ ಇನ್ನೂ 20 ವರುಷಗಳ ಹಕ್ಕನ್ನು ವಿಶೇಷವಾಗಿ ಕೊಟ್ಟಿತು. ಟ್ರಸ್ಲರ್ ಎಂಬ ಪಾದ್ರಿಯು 1768ರಲ್ಲಿ ಯುವಕರ ಉಪದೇಶಕ್ಕಾಗಿ ಆ ಚಿತ್ರಗಳಿಗೆ ಅರ್ಥವಿವರಣೆಯನ್ನು ಬರೆದು ಪುಸ್ತಕ ಮಾಡಿದನು.

ಮಾತೂ ಚಿತ್ರವೂ ಕೂಡಿ ನಗಿಸಿ ತಿದ್ದುವ ಈ ಕಲೆಯು ಆತನ ತರುವಾಯ ದೇಶದಿಂದ ದೇಶಕ್ಕೆ ನಡೆಯಿತು. ಲಂಡನಿನಲ್ಲಿ 1841ರಲ್ಲಿ ಪಂಚ್ ಪತ್ರಿಕೆಯು ಹುಟ್ಟಿತು. ನಮ್ಮ ನಾಡಿನಲ್ಲಿ ವೈದ್ಯರಾದ ರಾ. ಶಿ. ಅವರು 1942ರಲ್ಲಿ ಕೊರವಂಜಿ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಹಳೆಯ ಆಟಗಳಲ್ಲಿ ಕೈನೋಡಿ ಕಣಿ ಹೇಳುವ ಕೊರವಂಜಿಯ ಹೆಸರನ್ನು ಅದಕ್ಕಿಟ್ಟದ್ದರಿಂದ ಅಲ್ಲಿಯೂ ಹಳೆಯ ಕಥೆಯೇ ಹೊಸ ನಗೆಗೆ ಆಧಾರವಾಯಿತು. ಮೈಸೂರಿನ ಆರ್. ಕೆ. ಲಕ್ಷ್ಮಣರು ಯೌವನದಲ್ಲಿ ಅದಕ್ಕೆ ಚಿತ್ರಗಳನ್ನು ಬರೆದರು.

ಹಾಗಾದರೆ ಪರಿಹಾಸ್ಯವು ಸಭೆಯವರಿಗೆ ತಕ್ಕದ್ದೋ? ಹೋಗಾರ್ತನ ಚರಿತ್ರೆಯನ್ನು ಓದಿದವರು ಇದನ್ನು ತಾವೇ ನಿರ್ಣಯಿಸಬಲ್ಲರು. ನಾವು ಹೇಳತಕ್ಕದ್ದು ಇಷ್ಟೇ. ಉಳಿಯು ಗುಡಿಗಾರನ ಕೈಯಲ್ಲಿದ್ದರೆ ಮರದಿಂದ ಬಳ್ಳಿಯು ಹೊರಡುತ್ತದೆ, ಸಿಟ್ಟಿನವನ ಕೈಯಲ್ಲಿದ್ದರೆ ಗಾಯವು. ಇನ್ನೊಬ್ಬನನ್ನು ಕುರಿತು ನಗುವದಕ್ಕೆ ಮೊದಲು ಆ ಕುದುರೆಯ ಮೇಲಿನ ಪಾದ್ರಿಯನ್ನು ನೆನಸಿಕೊಂಡು, ನಮ್ಮ ಮುಖವು ಯಾವ ಕಡೆಗೆ ತಿರುಗಿದೆಯೆಂದು ನೋಡಿಕೊಳ್ಳೋಣ.